ಪಾಲಿಗೆ ಕೊಟ್ಟ ಹೇಂಟೆಗಳು

ನಮ್ಮ ದೊಡ್ಡವ್ವ ಕೋಳಿಯನ್ನು ದಾನ ಕೊಟ್ಟವಳಲ್ಲ, ಮಾರಿದ್ದೂ ಅಷ್ಟಕ್ಕಷ್ಟೆ. ಅವಳು ಕೊಡುತ್ತಿದ್ದದ್ದು ಪಾಲಿಗೆ. ನಮ್ಮ ಕಡೆ ಇದು ಹೊಸತಲ್ಲ. ಒಂದು ಎಳೆಯ ಹೇಂಟೆಯನ್ನು ನಿಮ್ಮ ಮನೆಗೆ ತಂದು ಬಿಟ್ಟರು ಎಂದಿಟ್ಟುಕೊಳ್ಳಿ. ಅದಕ್ಕೆ ನುಚ್ಚು, ತವುಡು ಹಾಕುವುದು, ಸಂಜೆ ಗೂಡಿಗೆ ಸೇರಿಸುವುದು, ಮೊಟ್ಟೆ ಕೂಡಿಟ್ಟು ಕಾವಿಗೆ ಕೂರಿಸುವುದು ಎಲ್ಲ ನಿಮ್ಮ ಕೆಲಸ. ಮರಿಗಳು ಬೆಳೆದ ಮೇಲೆ ಅರ್ಧ ನಿಮಗೆ, ಅರ್ಧ ಕೊಟ್ಟವರಿಗೆ. ತಾಯಿ ಮಾತ್ರ ಯಾವತ್ತಿಗೂ ಕೊಟ್ಟವರದ್ದೇ.

ದೊಡ್ಡವ್ವ ಎಂದರೆ ನನ್ನ ಅಮ್ಮನ ಅಕ್ಕ. ಮಂಡೆಕೋಲಿನ ತವರಿನಿಂದ ಪೆರಾಬೆಗೆ ಮದುವೆಯಾಗಿ ಬಂದ ಹೊಸತರಲ್ಲಿ, ಅವಳ ಅಜ್ಜಿ ಒಂದು ಕುಪ್ಪುಳ ಹೇಂಟೆಯನ್ನು ಅವಳಿಗೆ ಪಾಲಿಗೆ ಕೊಟ್ಟಿದ್ದರಂತೆ. ಕುಪ್ಪುಳ ಎಂದರೆ ಕೆಂಬೂತದ ಬಣ್ಣ, ಮೈಯೆಲ್ಲ ಕಪ್ಪು, ರೆಕ್ಕೆ ಮಾತ್ರ ಇಟ್ಟಿಗೆಯ ಕೆಂಪು. ಅಜ್ಜಿ ತೀರಿಕೊಂಡ ಮೇಲೆ ಪಾಲು ಕೇಳುವವರು ಯಾರೂ ಉಳಿಯಲಿಲ್ಲ. ಆದರೂ ದೊಡ್ಡವ್ವ ವರ್ಷಕ್ಕೊಮ್ಮೆ ತವರಿಗೆ ಹೋಗುವಾಗ ಎರಡು ಮರಿ ಹಿಡಿದುಕೊಂಡೇ ಹೋಗುತ್ತಿದ್ದಳು. "ಅಜ್ಜಿಯ ಲೆಕ್ಕ ಅಜ್ಜಿಗೆ" ಎನ್ನುವಳು. ಅವಳಿಂದ ಪಾಲಿಗೆ ಹೋದ ಹೇಂಟೆಗಳು ನಾಲ್ಕು ಸಂಬಂಧಿಕರ ಮನೆಗಳಲ್ಲಿ ಇದ್ದವು. ಐದನೆಯ ಮನೆ ಕೊಯಿಲದ ಹತ್ತಿರ, ಕೋಳಿ ಕಾಕನದ್ದು.

ನಾನು ಪುತ್ತೂರಿನಲ್ಲಿ ಬಟ್ಟೆ ಹೊಲಿಯುವವನು. ಪೆರಾಬೆಗೆ ಹೋದರೆ ದೊಡ್ಡವ್ವನಿಗೆ ನನ್ನ ಅಂಗಿಯ ಮೇಲೆಯೇ ಕಣ್ಣು. "ಊರಿಗೆಲ್ಲ ಗುಬ್ಬಿ ಹಾಕಿ ಕೊಡ್ತಾನೆ, ಇವನದ್ದು ನೋಡಿ ಮಾರಾಯ್ರೆ, ಹೊಟ್ಟೆಯ ಹತ್ತಿರ ಕಿಟಕಿ" ಎಂದು ನಾಲ್ಕು ಜನರ ಎದುರೇ ಹೇಳುವಳು. ಗುಬ್ಬಿ ಎಂದರೆ ನಮ್ಮಲ್ಲಿ ಅಂಗಿಯ ಗುಂಡಿ. ನಮ್ಮ ಮನೆಮಾತು ಅರೆಭಾಷೆ. ಓದುವವರಿಗೆ ತೊಡಕಾಗಬಾರದೆಂದು ಅವಳ ಮಾತನ್ನು ಇಲ್ಲಿ ಸ್ವಲ್ಪ ಕನ್ನಡಕ್ಕೆ ಎಳೆದಿದ್ದೇನೆ. ಎಳೆದಾಗ ಅದರ ಅರ್ಧ ರುಚಿ ಹೋಯಿತು ಎಂಬುದೂ ನನಗೆ ಗೊತ್ತು.

ಅವಳಿಗೆ ಪಾಲಿನ ಲೆಕ್ಕದ ಮೇಲೆ ಇದ್ದ ನಂಬಿಕೆ ಬ್ಯಾಂಕಿನ ಮೇಲೂ ಇರಲಿಲ್ಲ. ಒಂದು ಮನೆಯ ಗೂಡಿಗೆ ಕಾಡುಬೆಕ್ಕು ನುಗ್ಗಿದರೆ ಇನ್ನೊಂದು ಮನೆಯಲ್ಲಿ ಬೀಜ ಉಳಿಯುತ್ತದೆ. ಅವಳು ಎಳೆ ಸೊಸೆಯಾಗಿದ್ದಾಗ ಒಮ್ಮೆ ಪೆರಾಬೆಯ ಕೋಳಿಗಳೆಲ್ಲ ಸೀಕು ಬಂದು ಸತ್ತಿದ್ದವಂತೆ. ಸೀಕು ಕಂಡ ದಿನವೇ ಅವಳ ಅತ್ತೆ ಚೆನ್ನಾಗಿದ್ದ ಒಂದು ಜೋಡಿಯನ್ನು ದೂರದ ನೆಂಟರ ಮನೆಗೆ ಸಾಗಿಸಿದ್ದರಿಂದ ಕುಪ್ಪುಳದ ಸಂತಾನ ಉಳಿಯಿತು. ಇದನ್ನು ಅವಳು ಎಷ್ಟು ಸಲ ಹೇಳಿದ್ದಾಳೋ. ಕೇಳಿ ಕೇಳಿ ನಮಗೂ ಅದೇ ಸರಿಯಾದ ದಾರಿ ಎನ್ನಿಸಿಬಿಟ್ಟಿತ್ತು. ಎಡೆ ತಪ್ಪಿಸುವುದು ಎನ್ನುತ್ತಿದ್ದರು ಅದಕ್ಕೆ. ರೋಗ ಇರುವ ಜಾಗದಿಂದ ಚೆನ್ನಾಗಿರುವುದನ್ನು ಬೇರೆ ಜಾಗಕ್ಕೆ ದಾಟಿಸುವುದು. ಅದರಲ್ಲಿ ತಪ್ಪೆಂತ ಉಂಟು ಹೇಳಿ?

ಈಚಿನ ಒಂದು ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದ ದಿನವೇ ಅದು ಶುರುವಾಯಿತು. ಹಟ್ಟಿಯ ಮೂಲೆಯಲ್ಲಿ ಒಂದು ಹೇಂಟೆ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಾ ನಿಂತಿತ್ತು. ಹಿಕ್ಕೆ ಹಸಿರು. ಬಾಯಿ ತೆರೆದು ಉಸಿರೆಳೆಯುವಾಗ ಗೊರ್ ಗೊರ್ ಸದ್ದು. ದೊಡ್ಡವ್ವ ಅದರ ಎದುರು ಕುಳಿತು ಕೊಕ್ಕು ಬಿಡಿಸಿ ನೋಡಿದಳು. ಎದ್ದು ನಿಂತಾಗ ಮುಖದಲ್ಲಿ ನಗೆ ಇರಲಿಲ್ಲ.

"ಸೀಕು" ಎಂದಳು.

ಅವಳ ಮಗ, ನಾನು ಅಣ್ಣ ಎಂದು ಕರೆಯುವವನು, ಪಿಕಪ್ ಓಡಿಸುತ್ತಾನೆ. ಆಗ ತಾನೇ ಬಂದವನು ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಹೇಳಿದ, "ಕೋಳಿ ಕಾಕ ಮೊನ್ನೆ ಬಂದಿದ್ದ ಅಲ್ವಾ? ಅವನ ಪಂಜರದಿಂದಲೇ ಇದು. ಊರೂರು ತಿರುಗುದು, ಎಲ್ಲೆಲ್ಲಿಯದ್ದೋ ಕೋಳಿ ತುಂಬಿಸುದು. ಮತ್ತೆಂತ ಆಗ್ತದೆ?"

ಕಾಕ ಬ್ಯಾರಿ ಸಮುದಾಯದವರು, ನಮ್ಮ ಕರಾವಳಿಯ ಮುಸ್ಲಿಮರು. ಸ್ಕೂಟರಿನ ಹಿಂದೆ ಪಂಜರ ಕಟ್ಟಿಕೊಂಡು ಊರ ಕೋಳಿ, ಮೊಟ್ಟೆ ಕೊಳ್ಳುತ್ತಾ ಬರುತ್ತಿದ್ದರು. ಅವರು ಬಂದರೆ ದೊಡ್ಡವ್ವನಿಗೆ ಒಂದು ಹಬ್ಬ. ವ್ಯಾಪಾರ ನಾಲ್ಕು ಮೊಟ್ಟೆಯದ್ದು, ಮಾತು ನಾಲ್ಕು ಊರಿನದ್ದು. ಯಾರ ಮನೆಯ ದನ ಕರು ಹಾಕಿತು, ಯಾರ ಮಗ ದುಬೈಯಿಂದ ಬಂದ, ಯಾವ ತೋಡು ದಾಟಲು ಹೊಸ ಸಂಕ ಬಂತು, ಎಲ್ಲ ಅವರ ಬಾಯಲ್ಲಿ. ಅವರ ಹೆಂಡತಿಗೆ ಕೋಳಿ ಎಂದರೆ ಪ್ರೀತಿ ಎಂದು ತಿಳಿದ ಮೇಲೆಯೇ ದೊಡ್ಡವ್ವ ಅಲ್ಲಿಗೂ ಹೇಂಟೆಗಳನ್ನು ಪಾಲಿಗೆ ಕೊಟ್ಟದ್ದು.

ಆ ಮಧ್ಯಾಹ್ನ ಚೆನ್ನಾಗಿದ್ದ ಕೋಳಿಗಳನ್ನೆಲ್ಲ ಬುಟ್ಟಿಗಳಲ್ಲಿ ಹಾಕಿ ಪಿಕಪ್ಪಿಗೆ ಏರಿಸಿದರು. ಎಲ್ಲವೂ ಗಟ್ಟಿಯಾಗಿದ್ದವು, ಕಣ್ಣು ಹೊಳೆಯುತ್ತಿದ್ದವು, ಹಿಡಿಯಲು ಹೋದರೆ ಕೈಗೆ ಕುಕ್ಕುತ್ತಿದ್ದವು. ದೊಡ್ಡವ್ವ ಒಂದೊಂದನ್ನೂ ಎತ್ತಿ ಎದೆ ಮುಟ್ಟಿ ನೋಡಿಯೇ ಬುಟ್ಟಿಗೆ ಹಾಕಿದಳು. ಪಾಲಿನ ಮನೆಗಳಿಗೆ ತಲಾ ಒಂದೆರಡು. ಮಂಡೆಕೋಲಿನ ತವರಿಗೆ ಎಲ್ಲಕ್ಕಿಂತ ಚಂದದ ಹುಂಜ ಮತ್ತು ಎರಡು ಹೇಂಟೆ.

"ಕೊಯಿಲಕ್ಕೆ ಎರಡು ಇರಲಿ" ಎಂದಳು ದೊಡ್ಡವ್ವ.

"ಅಲ್ಲಿಗೆ ಬೇಡ. ರೋಗ ಬಂದ ಮನೆಗೇ ವಾಪಸ್ ಕಳಿಸುದಾ?" ಎಂದ ಅಣ್ಣ.

ಅವಳು ಬುಟ್ಟಿಯ ಬಾಯಿ ಬಿಗಿದು ಕಟ್ಟಿದಳು. ಮತ್ತೆ, "ಆಯ್ತು, ಬಿಡು" ಎಂದಳು. ಪಿಕಪ್ ಹೋಯಿತು.

ಅದಾಗಿ ಕೆಲವೇ ದಿನಗಳಲ್ಲಿ ಕಾಕ ಬಂದರು. ನಾನು ಆ ದಿನವೂ ಅಲ್ಲಿದ್ದೆ, ಅತ್ತಿಗೆಯ ರವಿಕೆಗಳನ್ನು ಕೊಡಲು ಹೋಗಿದ್ದೆ. ಗೇಟಿನಲ್ಲಿ ಹಾರ್ನ್ ಕೇಳಿತು. ಹಟ್ಟಿಯ ಹಿಂದೆ ಆಗಲೇ ಗುಂಡಿ ತೋಡಿ ಕೆಲವನ್ನು ಹುಗಿದಾಗಿತ್ತು. ಉಳಿದ ಒಂದು ಕೋಳಿ ಕುತ್ತಿಗೆ ತಿರುಚಿಕೊಂಡು ಅಂಗಳದಲ್ಲಿ ಸುತ್ತು ಹೊಡೆಯುತ್ತಿತ್ತು. ಅಣ್ಣ ದಡದಡನೆ ಹೋಗಿ ಗೇಟಿಗೆ ಅಡ್ಡ ನಿಂತ.

"ಒಳಗೆ ಬರ್ಬೇಡಿ ಕಾಕಾ. ನಿಮ್ಮ ಪಂಜರ ಬಂದೇ ನಮ್ಮ ಕೋಳಿ ಮುಗಿದದ್ದು."

ಕಾಕ ಸ್ಕೂಟರಿನಿಂದ ಇಳಿಯಲಿಲ್ಲ. ಅವನನ್ನು ದಾಟಿ ಜಗಲಿಯ ಕಡೆ ನೋಡಿದರು. "ಅಕ್ಕಾ, ಎಂತ ಇದು? ನೀವೂ ಹಾಗೇ ಹೇಳುದಾ?"

ದೊಡ್ಡವ್ವ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಅವಳು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. "ಸ್ವಲ್ಪ ದಿನ ಈ ಕಡೆ ಬರುದು ಬೇಡ ಬ್ಯಾರ್ರೆ" ಎಂದಳು, ಅಷ್ಟೆ.

ಕಾಕ ತಲೆಯಾಡಿಸಿದರು. "ಆಯ್ತಕ್ಕಾ." ಸ್ಕೂಟರ್ ತಿರುಗಿಸುವಾಗ ಪಂಜರದ ಕೋಳಿಗಳು ಒಮ್ಮೆ ಕೊಕ್ಕೊಕ್ಕೋ ಎಂದವು. ಅದೂ ಒಂದು ಸಾಕ್ಷಿ ಎನ್ನುವ ಹಾಗೆ ಅಣ್ಣ ನಮ್ಮ ಕಡೆ ತಿರುಗಿ ನೋಡಿದ.

ಮಾರನೆಯ ದಿನ ಗೇಟಿನ ಹೊರಗೆ ಎರಡು ಬುಟ್ಟಿ ಇತ್ತಂತೆ. ಕೊಯಿಲದಲ್ಲಿದ್ದ ಮೂರು ತಾಯಿ ಹೇಂಟೆಗಳಲ್ಲಿ ಎರಡು, ಮತ್ತು ಮರಿಗಳಲ್ಲಿ ದೊಡ್ಡವ್ವನ ಪಾಲಿನವು. ಮೂರನೆಯದು ಕಾವಿಗೆ ಕೂತಿದೆ, ಎಬ್ಬಿಸಿದರೆ ಮೊಟ್ಟೆ ಹಾಳಾಗುತ್ತದೆ, ಎದ್ದ ಮೇಲೆ ತಲುಪಿಸುತ್ತೇವೆ ಎಂದು ನೆರೆಮನೆಯಲ್ಲಿ ಹೇಳಿ ಹೋಗಿದ್ದರು. ಅನ್ನಿಸಿಕೊಂಡ ಮೇಲೆ ಅಂದವರ ಸೊತ್ತನ್ನು ಇಟ್ಟುಕೊಳ್ಳುವ ಜನ ಅವರಲ್ಲ.

ಆ ಬುಟ್ಟಿಗಳನ್ನು ಒಳಗೆ ತರಬಾರದಿತ್ತು. ಆದರೆ ಬಿಸಿಲೇರುತ್ತಿತ್ತು, ಮರಿಗಳು ಬಾಯಿ ಬಿಡುತ್ತಿದ್ದವು. ದೊಡ್ಡವ್ವ ತಾನೇ ಹೋಗಿ ಎತ್ತಿಕೊಂಡು ಬಂದು ಅಂಗಳದಲ್ಲಿ ಬಿಟ್ಟು ನೀರು ಇಟ್ಟಳು. ನೀರಿಟ್ಟದ್ದು ಹಳೆಯ ಮಡಕೆಯ ಓಡಿನಲ್ಲಿಯೇ, ಸತ್ತ ಕೋಳಿಗಳೂ ಕುಡಿದಿದ್ದ ಓಡು. ಒಂದು ವಾರ ಚೆನ್ನಾಗಿ ಕೆದಕಿಕೊಂಡು ತಿರುಗಿದವು. ಇವಾದರೂ ಉಳಿಯಿತು ಎಂದು ಅವಳು ನನಗೆ ಫೋನು ಮಾಡಿದ್ದಳು. ಮುಂದಿನ ವಾರ ಫೋನು ಬರಲಿಲ್ಲ. ನಾನೇ ಮಾಡಿದಾಗ ಅತ್ತಿಗೆ ಎತ್ತಿಕೊಂಡು, "ಎಲ್ಲ ಮುಗಿಯಿತು" ಎಂದರು.

ಅಷ್ಟರಲ್ಲಿ ಸಂಬಂಧಿಕರ ಮನೆಗಳಿಂದಲೂ ಸುದ್ದಿ ಬರತೊಡಗಿತ್ತು. ಒಂದು ಕಡೆ ನಾಲ್ಕು ಸತ್ತವು, ಇನ್ನೊಂದು ಕಡೆ ಗೂಡೇ ಖಾಲಿ. ಕಡೆಗೆ ಮಂಡೆಕೋಲು. ಅಲ್ಲಿ ದೊಡ್ಡವ್ವನ ತಮ್ಮನ ಹೆಂಡತಿ ಸಾಕಿದ ಬೇರೆ ಕೋಳಿಗಳೂ ಹೋದವು, ಅಜ್ಜಿಯ ಕಾಲದಿಂದ ಅಲ್ಲೇ ಉಳಿದಿದ್ದ ಮೂಲದ ಕುಪ್ಪುಳಗಳೂ ಹೋದವು. ದೊಡ್ಡವ್ವನಿಗೆ ಅದು ಅರ್ಥವಾಗಲಿಲ್ಲ. ಎಲ್ಲ ಕಡೆಗೂ ಏಕಕಾಲಕ್ಕೆ ಬರಬೇಕಾದರೆ ಗಾಳಿಯಲ್ಲೇ ಬಂದಿರಬೇಕು ಎಂದಳು. ಅಣ್ಣ ಮಾತ್ರ, "ಗಾಳಿಯಲ್ಲ, ಸ್ಕೂಟರಿನಲ್ಲಿ" ಎಂದ.

ಆ ದಿನಗಳಲ್ಲಿ ಬಯಲುಸೀಮೆಯ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಪಶುವೈದ್ಯೆ ಊರೂರಿಗೆ ಬರುತ್ತಿದ್ದರು. ಕೋಳಿ ರೋಗದ ಮೇಲೆ ಏನೋ ಓದುತ್ತಿದ್ದರಂತೆ. ಸತ್ತ ಕೋಳಿ, ಸೀಕಾದ ಕೋಳಿ ಎಲ್ಲಿದೆ ಎಂದು ಕೇಳಿಕೊಂಡು ಬಂದು, ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ಒರೆಸಿ ಐಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗುವರು. ಪೆರಾಬೆಯ ಅಂಗಳದಿಂದಲೂ ಒಯ್ದರು, ಮಂಡೆಕೋಲಿಗೂ ಹೋದರು, ಪುತ್ತೂರಿನ ಕೋಳಿ ಅಂಗಡಿಗಳಿಗೂ ಹೋದರು. ಕಾಕನ ಪಂಜರದಲ್ಲೂ ಎರಡು ಕೋಳಿ ತೂಕಡಿಸುತ್ತಿದ್ದವಂತೆ. ಯಾರೂ ಕೇಳುವ ಮೊದಲೇ ಕಾಕ, "ನಂದೂ ತಗೊಳ್ಳಿ ಡಾಕ್ಟ್ರೆ. ನನ್ನ ಮೇಲೆ ಒಂದು ದೂರು ಉಂಟು, ಹೌದಾ ಅಲ್ವಾ ನೋಡಿ" ಎಂದು ಪಂಜರ ತೆರೆದುಕೊಟ್ಟರೆಂದು ಆಮೇಲೆ ತಿಳಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಮತ್ತೆ ಪೆರಾಬೆಗೆ ಬಂದರು. ಆ ದಿನ ಭಾನುವಾರ, ನಾನೂ ಇದ್ದೆ. ರೋಗದ ಹೆಸರು ರಾಣಿಖೇತ್ ಎಂದೂ, ಕನ್ನಡದಲ್ಲಿ ಕೊಕ್ಕರೆ ರೋಗ ಎನ್ನುತ್ತಾರೆಂದೂ ಮೊದಲೇ ಹೇಳಿದ್ದರು. ಈಗ ಬೇರೆ ವಿಷಯ ತಂದಿದ್ದರು. ಮುಖದಲ್ಲಿ ಪರೀಕ್ಷೆ ಪಾಸಾದವರ ಸಂತೋಷ.

"ಅಜ್ಜಿ, ನಿಮ್ಮ ಕೋಳಿಗಳ ವೈರಸ್ಸನ್ನು ಪೂರ್ತಿ ಓದಿ ನೋಡಿದ್ವಿ. ವೈರಸ್ಸು ಒಂದು ಕೋಳಿಯಿಂದ ಇನ್ನೊಂದಕ್ಕೆ ಹೋಗುವಾಗ ತನ್ನದೇ ನಕಲು ಮಾಡ್ಕೊಳ್ತಾ ಹೋಗುತ್ತೆ. ನಕಲು ಮಾಡುವಾಗ ಅಲ್ಲಲ್ಲಿ ಸಣ್ಣ ತಪ್ಪಾಗುತ್ತೆ. ಆ ತಪ್ಪು ಮುಂದಿನ ನಕಲಿಗೂ ಹೋಗುತ್ತೆ. ಹಾಗಾಗಿ ಯಾವುದು ಯಾವುದರ ಸಂಬಂಧಿ ಅಂತ ಗೊತ್ತಾಗುತ್ತೆ."

ದೊಡ್ಡವ್ವ ನನ್ನ ಮುಖ ನೋಡಿದಳು. ನನಗೆ ಅದು ಥಟ್ಟನೆ ಹೊಳೆಯಿತು. ನಾವು ರಟ್ಟಿನಲ್ಲಿ ಅಳತೆಯ ನಮೂನೆ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಒಂದು ನಮೂನೆಯ ಕಂಕುಳಿನ ಹತ್ತಿರ ಕತ್ತರಿ ಸ್ವಲ್ಪ ಜಾರಿದ್ದರೆ, ಅದರ ಮೇಲೆ ಕತ್ತರಿಸಿದ ಅಂಗಿಗಳಿಗೆಲ್ಲ ಅದೇ ಓರೆ. ಆ ಅಂಗಿಯನ್ನು ನೋಡಿಕೊಂಡು ಇನ್ನೊಬ್ಬ ನಮೂನೆ ಮಾಡಿದರೆ ಹಳೆಯ ಓರೆಯ ಜೊತೆಗೆ ಅವನದ್ದೂ ಒಂದು ಸೇರುತ್ತದೆ. ಓರೆ ನೋಡಿಯೇ ಇದು ಯಾರ ಅಂಗಡಿಯಿಂದ ಹೊರಟದ್ದು ಎಂದು ಹೇಳಬಹುದು. ನಾನು ಹೀಗೆ ಹೇಳಿದೆ. ಡಾಕ್ಟರು, "ಅದೇ, ಅದೇ" ಎಂದರು.

"ಪುತ್ತೂರಿನ ಅಂಗಡಿಗಳಲ್ಲಿ, ಆ ಸ್ಕೂಟರ್ ಕಾಕನ ಪಂಜರದಲ್ಲಿ ಸಿಕ್ಕಿದ್ದು ಒಂದು ಥರ. ರಾಜ್ಯದ ಗಡಿಯಾಚೆ ಸಿಕ್ಕಿದ್ದಕ್ಕೂ ಅದಕ್ಕೂ ಹತ್ತಿರ. ನಿಮ್ಮನೇದು ಬೇರೆಯೇ. ಅದಕ್ಕೂ ಇದಕ್ಕೂ ತುಂಬ ಹಿಂದೆ ದಾರಿ ಬೇರೆ ಆಗಿದೆ."

ಜಗಲಿಯ ತುದಿಯಲ್ಲಿ ಪಿಕಪ್ಪಿನ ಟಯರಿಗೆ ನೀರು ಹೊಡೆಯುತ್ತಿದ್ದ ಅಣ್ಣ ಪೈಪನ್ನು ಕೆಳಗಿಟ್ಟ.

"ಅಂದ್ರೆ ಬ್ಯಾರಿಯ ಪಂಜರದಿಂದ ಬಂದದ್ದಲ್ಲ?" ದೊಡ್ಡವ್ವ ಕೇಳಿದಳು.

"ಅಲ್ಲ ಅಜ್ಜಿ. ನನಗೆ ಆಶ್ಚರ್ಯ ಆಗಿದ್ದು ಬೇರೆ. ಮಂಡೆಕೋಲು ಗಡಿಗೇ ಅಂಟಿಕೊಂಡಿದೆ. ಅಲ್ಲಿಯದು ಗಡಿಯಾಚೆಯದೇ ಇರುತ್ತೆ ಅಂದ್ಕೊಂಡಿದ್ದೆ. ನೋಡಿದ್ರೆ ನಿಮ್ಮ ಅಂಗಳದ್ದೇ, ಒಂದೇ ತಾಯಿಯ ಮಕ್ಕಳ ಹಾಗೆ. ನಡುವೆ ಇರೋ ಊರುಗಳಲ್ಲಿ ಅದು ಸಿಗಲೂ ಇಲ್ಲ. ಇಷ್ಟು ದೂರ ಹೇಗೆ ಹೋಯ್ತು ಅನ್ನೋದೇ ನನಗೆ ಗೊತ್ತಾಗ್ತಿಲ್ಲ."

"ಪಿಕಪ್ಪಿನಲ್ಲಿ" ಎಂದಳು ದೊಡ್ಡವ್ವ.

ಡಾಕ್ಟರು ಅವಳು ತಮಾಷೆ ಮಾಡುತ್ತಿದ್ದಾಳೆಂದು ನಕ್ಕರು. ಯಾರೂ ನಗದಿದ್ದುದನ್ನು ನೋಡಿ ಸುಮ್ಮನಾದರು. ಮತ್ತೆ ದೊಡ್ಡವ್ವ ಎಲ್ಲವನ್ನೂ ಹೇಳಿದಳು. ಎದೆ ಮುಟ್ಟಿ ನೋಡಿ ಆರಿಸಿದ್ದು, ಯಾವ ಮನೆಗೆ ಯಾವುದು ಹೋಯಿತು, ಎಲ್ಲ. ಡಾಕ್ಟರು ಮೆಲ್ಲನೆ ಹೇಳಿದರು, "ರೋಗ ಒಳಗೆ ಹೊಕ್ಕಿದ್ರೂ ಕೆಲವು ದಿನ ಹೊರಗೆ ಏನೂ ಕಾಣಲ್ಲ ಅಜ್ಜಿ. ಡಾಕ್ಟರಿಗೂ ಕಾಣಲ್ಲ. ಅಷ್ಟರಲ್ಲಿ ಹಿಕ್ಕೆಯಲ್ಲಿ, ಉಸಿರಲ್ಲಿ ಹೊರಗೆ ಬರ್ತಾ ಇರುತ್ತೆ."

"ನನ್ನ ಅತ್ತೆ ಮಾಡಿದಾಗ ಉಳಿದಿತ್ತು."

"ಆ ಸಲ ಆ ಜೋಡಿಗೆ ತಗುಲಿರಲಿಲ್ಲ. ಅದೃಷ್ಟ."

ಆಮೇಲೆ ಡಾಕ್ಟರು, ರೋಗ ಬರುವುದಕ್ಕೆ ಮೊದಲು ಹೊರಗಿನ ಕೋಳಿ ಏನಾದರೂ ಮನೆಗೆ ಬಂದಿತ್ತೇ ಎಂದು ಕೇಳಿದರು. ಅತ್ತಿಗೆ ಒಳಗಿನಿಂದ ಕಾಫಿ ತಂದಿಟ್ಟು, ಗಂಡನ ಕಡೆ ನೋಡದೆಯೇ, "ಅಂಕದ ಕೋಳಿ ಬಂದಿತ್ತಲ್ಲ" ಎಂದರು. ನಮ್ಮಲ್ಲಿ ಕೋಳಿ ಅಂಕದಲ್ಲಿ, ಅಂದರೆ ಕೋಳಿ ಕಾಳಗದಲ್ಲಿ, ಸೋತು ಸತ್ತ ಹುಂಜ ಗೆದ್ದವನಿಗೆ. ಅಣ್ಣ ಅದನ್ನು ಮನೆಗೆ ತಂದು ಹಟ್ಟಿಯ ಹಿಂದೆ ಸ್ವಚ್ಛ ಮಾಡಿದ್ದ. ಕರುಳು, ಪುಕ್ಕ ಎಲ್ಲ ಗೊಬ್ಬರದ ಗುಂಡಿಗೆ. ಮನೆಯ ಕೋಳಿಗಳು ಅಲ್ಲಿಯೇ ಕೆದಕುವುದು. ಅದರಿಂದಲೇ ಬಂತು ಎಂದು ಹೇಳಲು ಬರುವುದಿಲ್ಲ, ಆ ಹುಂಜದ ಮಾದರಿ ತನ್ನಲ್ಲಿಲ್ಲ ಎಂದರು ಡಾಕ್ಟರು. ಅಣ್ಣ ಪೈಪು ಎತ್ತಿಕೊಂಡು ಮತ್ತೆ ಟಯರಿಗೆ ನೀರು ಬಿಟ್ಟ. ತೊಳೆದ ಟಯರನ್ನೇ ತೊಳೆಯುತ್ತಿದ್ದ.

ಹೊರಡುವ ಮುಂಚೆ ಡಾಕ್ಟರು ಒಂದು ಮಾತು ಸೇರಿಸಿದರು. ಕಾಕನ ಮನೆಯ ಅಂಗಳದ ಕೋಳಿಗಳಿಗೆ ಏನೂ ಆಗಿಲ್ಲ. ವ್ಯಾಪಾರದ ಪಂಜರವನ್ನು ಅವರ ಹೆಂಡತಿ ಅಂಗಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಸುತ್ತಲಿನ ಹೆಂಗಸರನ್ನು ಸೇರಿಸಿ, ಎಲ್ಲರ ಕೋಳಿಗೂ ಒಂದೇ ದಿನ ಲಸಿಕೆ ಹಾಕಿಸಿದ್ದಾರೆ. ಲಸಿಕೆಯ ಬಾಟಲಿ ನೂರು ಕೋಳಿಗೆ ಆಗುವಷ್ಟಿರುತ್ತದೆ, ತೆರೆದರೆ ಅಂದೇ ಮುಗಿಸಬೇಕು. "ಅಲ್ಲಿ ನಿಮ್ಮದೇ ಬಣ್ಣದ ಕೋಳಿಗಳಿವೆ ಅಜ್ಜಿ. ಒಂದು ಹುಂಜವೂ ಇದೆ, ಚೆನ್ನಾಗಿದೆ" ಎಂದರು.

ಕಾವಿಗೆ ಕೂತದ್ದರಿಂದ ಉಳಿದ, ಇಲ್ಲಿ ಎಲ್ಲ ಸತ್ತ ಸುದ್ದಿ ಕೇಳಿ ಆಮೇಲೂ ಅವರು ಕಳಿಸದೆ ಇಟ್ಟುಕೊಂಡ ಆ ಒಂದು ಹೇಂಟೆ, ಕಾಕನ ಪಾಲಿನ ಮರಿಗಳು. ಭೂಮಿಯ ಮೇಲೆ ಕುಪ್ಪುಳದ ಆ ಸಂತಾನ ಉಳಿದದ್ದು ಅಷ್ಟೆ. ಅವಳು ನಂಬಿ ಕಳಿಸಿದ ಮನೆಗಳಲ್ಲೆಲ್ಲ ಸತ್ತಿತ್ತು. ಸಂಶಯಪಟ್ಟು ಕಳಿಸದೆ ಬಿಟ್ಟ ಮನೆಯಲ್ಲಿ ಬದುಕಿತ್ತು.

ದೊಡ್ಡವ್ವ ಆ ರಾತ್ರಿ ಊಟ ಮಾಡಲಿಲ್ಲವೆಂದು ಅತ್ತಿಗೆ ಹೇಳಿದರು. ಬೆಳಿಗ್ಗೆ ನನಗೆ ಫೋನು. "ನೀನು ಬಾ. ಕೊಯಿಲಕ್ಕೆ ಹೋಗ್ಲಿಕ್ಕುಂಟು."

ಕಾಕನ ಮನೆಯ ಗೇಟು ತೆರೆದಿತ್ತು. ಅಂಗಳದಲ್ಲಿ ಹುಂಜ ನಿಂತಿತ್ತು, ರೆಕ್ಕೆ ಬಿಸಿಲಿಗೆ ಉರಿಯುವ ಹಾಗೆ. ದೊಡ್ಡವ್ವ ಅದನ್ನು ನೋಡಿದಳು, ಕೂಡಲೇ ಕಣ್ಣು ತೆಗೆದಳು. ಕಾಕ ಲುಂಗಿ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದರು.

"ಬನ್ನಿ ಅಕ್ಕಾ, ಬನ್ನಿ. ಎಂತ, ಬಸ್ಸು ದಾರಿ ತಪ್ಪಿತಾ?"

"ಬಸ್ಸಿಗೆ ತಪ್ಪಲಿಲ್ಲ ಬ್ಯಾರ್ರೆ. ನನಗೆ ತಪ್ಪಿದ್ದು" ಎಂದಳು. ನಿಂತುಕೊಂಡೇ ಹೇಳಿದಳು. "ಆವತ್ತು ಮಗ ಗೇಟಿನಲ್ಲಿ ಹಾಗೆ ಹೇಳುವಾಗ ನಾನು ಬಾಯಿ ಬಿಡಬೇಕಿತ್ತು. ಬಿಡ್ಲಿಲ್ಲ. ನಿಮ್ಮಿಂದ ಬಂದದ್ದಲ್ಲ ಅಂತ ಡಾಕ್ಟ್ರು ಹೇಳಿದ್ರು. ಡಾಕ್ಟ್ರು ಹೇಳುವವರೆಗೆ ನಾನು ಕಾಯಬಾರದಿತ್ತು."

ಕಾಕ ಗಡ್ಡ ಸವರಿಕೊಂಡರು. "ಕೂತ್ಕೊಳ್ಳಿ ಮೊದಲು. ಒಂದು ಮಾತು ಹೇಳ್ತೇನೆ, ನಗಬೇಡಿ. ನನಗೂ ಒಳಗೊಳಗೆ ಹೆದರಿಕೆ ಇತ್ತು. ಪಂಜರ ಕಟ್ಕೊಂಡು ತಿರುಗುವವನು ನಾನು. ನನ್ನಿಂದಲೇ ಆಗಿದ್ರೆ ಅಂತ. ಡಾಕ್ಟ್ರು ಹೇಳಿದ ದಿನ ಸರಿ ನಿದ್ದೆ ಬಂದದ್ದು."

ಅವರ ಹೆಂಡತಿ ಸುಲೈಮಾನಿ ಚಹಾ ತಂದರು, ತಟ್ಟೆಯಲ್ಲಿ ಗೋಳಿಬಜೆ. ಮಾತು ಮೆಲ್ಲ ಮೆಲ್ಲನೆ ಹಳೆಯ ದಾರಿಗೆ ಬಂತು. ಸಂಕದ ಸುದ್ದಿ, ಕಾಕನ ಮೊಣಕಾಲಿನ ಸುದ್ದಿ. ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಟ್ಟೆ. ಹೊರಡುವಾಗ ಕಾಕನ ಹೆಂಡತಿ ಬುಟ್ಟಿ ಹಿಡಿದುಕೊಂಡು ಬಂದರು. ಒಳಗೆ ಆ ಹುಂಜ, ಒಂದು ಎಳೆಯ ಹೇಂಟೆ, ಹಳೆಯ ತಾಯಿ.

"ತಾಯಿ ನಿಮ್ದೇ ಅಕ್ಕಾ. ಇವೆರಡು ನಮ್ಮ ಲೆಕ್ಕದ್ದು, ನಾನು ಕೊಡುದು. ನಿಮ್ಮ ಅಂಗಳ ಖಾಲಿ ಉಂಟಲ್ಲ."

ದೊಡ್ಡವ್ವನ ಕೈ ಬುಟ್ಟಿಯ ಕಡೆ ಹೋದದ್ದನ್ನು ನಾನು ನೋಡಿದ್ದೇನೆ. ಹೋದ ಕೈ ಹಿಂದೆ ಬಂತು. "ಬೇಡ ತಂಗಿ. ಇವತ್ತು ಬೇಡ" ಎಂದಳು. ಮತ್ತೆ ಹೇಳಿದರೂ, "ಬೇಡ, ಬೇಡ" ಎಂದೇ ಗೇಟು ದಾಟಿದಳು.

ಬಸ್ಸಿನಲ್ಲಿ ನಾನು ಯಾಕೆ ಎಂದು ಕೇಳಿದೆ. "ಬುಟ್ಟಿ ಹಿಡ್ಕೊಂಡು ಬಂದ್ರೆ ನಾನು ಹೋದದ್ದು ಕೋಳಿಗೆ ಅಂತ ಆಗ್ತದೆ ಮಗಾ. ಹೇಳಿದ ಮಾತಿಗೆ ಬೆಲೆ ಇರ್ತದಾ?" ಎಂದಳು. ನನಗೂ ಅದು ದೊಡ್ಡ ಮಾತು ಎನ್ನಿಸಿತು. ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ, ನಮ್ಮ ದೊಡ್ಡವ್ವ ಎಂಥವಳು ನೋಡಿ ಎಂದು.

ಅದಾಗಿ ಎಷ್ಟೋ ತಿಂಗಳು ಕಳೆಯಿತು. ಶಾಲೆ ಶುರುವಾಗುವ ಸಮಯದಲ್ಲಿ ಕಾಕನ ಹೆಂಡತಿ ಮೊಮ್ಮಗಳ ಯೂನಿಫಾರ್ಮಿನ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದರು. ಅಳತೆ ಬರೆದುಕೊಂಡೆ. ಅವರು ಹೋಗದೆ ನಿಂತೇ ಇದ್ದರು.

"ಒಂದು ಕೇಳ್ಲಾ? ಬೇಜಾರು ಮಾಡ್ಬೇಡಿ."

"ಎಂತ, ಕೇಳಿ."

"ನಿಮ್ಮ ದೊಡ್ಡವ್ವನಿಗೆ ನಮ್ಮ ಮನೆಯ ಕೋಳಿಯ ಮೇಲೆ ಇನ್ನೂ ಸಂಶಯ ಹೋಗ್ಲಿಲ್ಲ ಅಲ್ವಾ? ಅದಕ್ಕೇ ಅಲ್ವಾ ಬೇಡ ಅಂದದ್ದು? ಬಾಯಲ್ಲಿ ಹೇಳಿದ್ರು, ಆದ್ರೆ ಮನಸ್ಸಿಗೆ ಬರ್ಲಿಲ್ಲ ಅವರಿಗೆ. ಇರ್ಲಿ, ರೋಗದ ವಿಷಯ, ಹೆದರಿಕೆ ಇರ್ತದೆ."

ನಾನು ಕೈಯಲ್ಲಿದ್ದ ಟೇಪನ್ನು ಸುತ್ತುತ್ತಾ, ಬಿಚ್ಚುತ್ತಾ, ಇಲ್ಲ ಇಲ್ಲ, ಹಾಗಲ್ಲ, ವಿಷಯ ಬೇರೆ ಎಂದು ಏನೇನೋ ಹೇಳಿದೆ. ನನ್ನ ಬಾಯಲ್ಲಿ ಅದು ಸಮಜಾಯಿಷಿಯ ಹಾಗೇ ಕೇಳಿಸಿತು. ಅವರು ನಕ್ಕು, "ಹುಡುಗಿಗೆ ಒಂದು ಇಂಚು ಉದ್ದವೇ ಇಡಿ, ಬೆಳೀತಾಳೆ" ಎಂದು ಹೋದರು.

ಪೆರಾಬೆಗೆ ಹೋಗಿ ಹೇಳಿದೆ. ಹೇಳದೆ ಇರಬಹುದಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ದೊಡ್ಡವ್ವ ಅಂಗಳದ ಕಡೆ ನೋಡಿದಳು. ಅಂಗಳಕ್ಕೆ ಸುಣ್ಣ ಹಾಕಿ, ಗೂಡು ಸುಟ್ಟು, ಹೊಸ ಗೂಡು ಮಾಡಿಸಿ ಆಗಿತ್ತು. ಅದರ ಬಾಗಿಲಿಗೆ ಇನ್ನೂ ಬೀಗ.

"ಹಾಗೂ ತಿಳ್ಕೊಳ್ಳಬಹುದಾ?" ಎಂದಳು. "ಹೌದು, ತಿಳ್ಕೊಳ್ಳಬಹುದು. ನಾನಾದ್ರೂ ಹಾಗೇ ತಿಳ್ಕೊಳ್ತಿದ್ದೆ."

ಮತ್ತೆ ಹೋದೆವು. ಈ ಸಲ ಪೆರಾಬೆಯ ಒಂದು ರಿಕ್ಷಾ ಮಾಡಿಕೊಂಡು. ಅಣ್ಣ ಪಿಕಪ್ ತರುತ್ತೇನೆ ಎಂದ. ದೊಡ್ಡವ್ವ ಅವನ ಮುಖ ನೋಡಿದಳು, ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಕೊಯಿಲದಲ್ಲಿ ಕಾಕ ಇರಲಿಲ್ಲ, ಮೊಣಕಾಲಿಗೆ ಮದ್ದು ತರಲು ಕಡಬಕ್ಕೆ ಹೋಗಿದ್ದರು. ಅವರ ಹೆಂಡತಿ ಮಾತ್ರ. ದೊಡ್ಡವ್ವ ಸುತ್ತು ಬಳಸಲಿಲ್ಲ.

"ತಂಗಿ, ನಾನು ಇವತ್ತು ಕೋಳಿಗೇ ಬಂದದ್ದು. ಕೊಡ್ತೀಯಾ?"

ಆ ಹೆಂಗಸಿನ ಮುಖ ಅರಳಿತು, ಅರಳಿದ ಹಾಗೆಯೇ ಬಾಡಿತು. "ಅಯ್ಯೋ ಅಕ್ಕಾ, ಆವತ್ತೇ ತಗೊಳ್ಬಾರ್ದಿತ್ತಾ! ನೀವು ಬೇಡ ಅಂದ ಮೇಲೆ ಇಟ್ಟುಕೊಂಡು ಎಂತ ಮಾಡುದು ಅಂತ ಹುಂಜವನ್ನು ಪೆರ್ನಾಲ್ ಹಬ್ಬಕ್ಕೆ ಅಡಿಗೆ ಮಾಡಿದೆವು. ಹಳೆ ತಾಯಿಗೆ ವಯಸ್ಸಾಗಿ ಹೋಯ್ತು. ಹೇಂಟೆಗಳು ಉಂಟು. ಮರಿಯೂ ಉಂಟು. ಆದ್ರೆ ನೆರೆಮನೆಯವರು ಗಿರಿರಾಜ ತಳಿಯ ಹುಂಜ ತಂದಿದ್ದಾರೆ, ಅದು ಇಡೀ ದಿನ ಇಲ್ಲೇ."

ಅಂಗಳದಲ್ಲಿ ಮರಿಗಳು ಓಡಾಡುತ್ತಿದ್ದವು. ದಪ್ಪ ಕಾಲು, ಅಗಲ ಎದೆ. ಒಂದು ಬೂದಿ, ಒಂದು ಚುಕ್ಕೆಚುಕ್ಕೆ, ಒಂದಕ್ಕೆ ಕುತ್ತಿಗೆಯಲ್ಲಿ ಮಾತ್ರ ಕೆಂಪು. ಹಿಂದೆ ನಡೆಯುತ್ತಿದ್ದ ಹೇಂಟೆಗಳಿಗೆ ಮಾತ್ರ ಕೆಂಬೂತದ ರೆಕ್ಕೆ. ಕುಪ್ಪುಳದ ಹುಂಜ ಇನ್ನು ಎಲ್ಲಿಂದ ತರುವುದು? ಮಂಡೆಕೋಲಿನಲ್ಲಿಲ್ಲ, ಯಾವ ಪಾಲಿನ ಮನೆಯಲ್ಲೂ ಇಲ್ಲ. ಆ ದಿನ ಅವಳು ಬೇಡ ಎಂದ ಬುಟ್ಟಿಯಲ್ಲಿ ಇತ್ತು.

ದೊಡ್ಡವ್ವ ಬಗ್ಗಿ ಚುಕ್ಕೆಯ ಮರಿಯೊಂದನ್ನು ಹಿಡಿದು ಎತ್ತಿದಳು. ಅದು ಕೈಯಲ್ಲಿ ಒದ್ದಾಡಿತು. "ಚಂದ ಉಂಟು ತಂಗಿ" ಎಂದಳು. "ಒಳ್ಳೆ ತೂಕ ಬರ್ತದೆ. ನಾಲ್ಕು ಮರಿ ಕೊಡು."

"ಎಂಟು ತಗೊಳ್ಳಿ ಅಕ್ಕಾ. ಕಣ್ಣಿಗೆ ಲಸಿಕೆಯ ಹನಿ ಹಾಕಿ ಆಗಿದೆ. ಏನೂ ಹೆದರಿಕೆ ಇಲ್ಲ."

"ನಿನ್ನ ಮನೆಯ ಕೋಳಿಗೆ ನನಗೆ ಹೆದರಿಕೆ ಎಂತದ್ದು?" ಎಂದಳು ದೊಡ್ಡವ್ವ. ಇದನ್ನು ಹೇಳಲಿಕ್ಕೆಂದೇ ಅಷ್ಟು ದೂರ ಬಂದವಳ ಹಾಗೆ ಹೇಳಿದಳು.

ರಿಕ್ಷಾದಲ್ಲಿ ಮರಿಗಳ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ತೂತಿನಿಂದ ಒಂದೊಂದು ಕೊಕ್ಕು ಹೊರಗೆ ಬರುತ್ತಿತ್ತು. ರಿಕ್ಷಾದವನು ಕನ್ನಡಿಯಲ್ಲಿ ನೋಡಿ, "ಎಂತ ಜಾತಿಯದ್ದು ಅಜ್ಜಿ? ಊರಿನದ್ದಾ, ಗಿರಿರಾಜನಾ?" ಎಂದು ಕೇಳಿದ.

ಹೊರಗೆ ಬಂದ ಒಂದು ಕೊಕ್ಕನ್ನು ಅವಳು ಬೆರಳಿನಿಂದ ಒಳಗೆ ತಳ್ಳಿದಳು.

"ಕೊಯಿಲದ ಬ್ಯಾರಿ ಮನೆಯದ್ದು" ಎಂದಳು.